ಮೆಣಸಿನಪುಡಿ, ಎಣ್ಣೆ ಮತ್ತು ನನ್ನ ಉದ್ಯೋಗ

ಜನರಿಗೆ ವಿಜ್ಞಾನ ತಿಳಿಸುವುದೇ ಒಂದು ಉದ್ಯೋಗ ಆಗಬಹುದು ಅಂತ ಧಾರವಾಡದಲ್ಲಿ ಬಿ.ಎಸ್ಸಿ. ಓದುವಾಗ ನನಗೆ ಯಾರೂ ಹೇಳಿರಲಿಲ್ಲ. ಮುಂದೆ ಬಿ.ಇಡಿ. ಮಾಡಬೇಕು, ಇಲ್ಲವೇ ಸಪ್ತಾಪುರದಲ್ಲಿ ರೂಮು ಹಿಡಿದು ಕೋಚಿಂಗ್‌ಗೆ ಹೋಗಬೇಕು. ಗೆಳೆಯರೆಲ್ಲ ಅದನ್ನೇ ಮಾಡಿದರು. ನಾನು ಹುಬ್ಬಳ್ಳಿಯಲ್ಲಿ, ಹಳ್ಳಿ ಶಾಲೆಗಳಿಗೆ ಹೋಗಿ ಪ್ರಯೋಗ ತೋರಿಸುವವರಿಗೆ ಕೊಡುವ ತರಬೇತಿಗೆ ಸೇರಿದೆ. ಇವತ್ತು ನಾನು ಬರೆಯುವುದು, ರೇಡಿಯೋದಲ್ಲಿ ಮಾತಾಡುವುದು, ಪ್ರದರ್ಶನಗಳಿಗೆ ವಿವರಣೆ ಸಿದ್ಧಪಡಿಸುವುದು, ಎಲ್ಲಕ್ಕೂ ಬುನಾದಿ ಅಲ್ಲೇ ಬಿತ್ತು.

ಅಲ್ಲಿ ಉಪನ್ಯಾಸ ಕಡಿಮೆ. ಒಂದು ಪ್ರಯೋಗ ಆರಿಸಿಕೊಳ್ಳಬೇಕು, ಜೊತೆಯವರ ಮುಂದೆ ಮಾಡಬೇಕು, ಅವರು ಕೇಳಿದ್ದಕ್ಕೆ ಉತ್ತರ ಕೊಡಬೇಕು. ಒಂದು ನಿಯಮ ಮಾತ್ರ ಬಹಳ ಕಟ್ಟುನಿಟ್ಟಾಗಿತ್ತು. ನೋಡುವವರು "ಯಾಕೆ?" ಅಂತ ಕೇಳುವವರೆಗೆ ತತ್ವದ ಹೆಸರು ಬಾಯಿಗೆ ಬರಬಾರದು. ಮೊದಲು ಕಣ್ಣಿಗೆ ಕಾಣಿಸಬೇಕು, ಹೆಸರು ಆಮೇಲೆ.

ನಾನು ಆರಿಸಿಕೊಂಡಿದ್ದು ಮೆಣಸಿನಕಾಯಿ. ಹಾವೇರಿ ಕಡೆಯವರಿಗೆ ಬ್ಯಾಡಗಿ ಮೆಣಸಿನಕಾಯಿ ಬಗ್ಗೆ ಹೊಸದಾಗಿ ಏನು ಹೇಳುವುದು ಅನಿಸಬಹುದು. ಆದರೆ ಎರಡು ಗಾಜಿನ ಲೋಟ ತೆಗೆದುಕೊಳ್ಳಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಅಡುಗೆ ಎಣ್ಣೆ ಹಾಕಿ. ಎರಡಕ್ಕೂ ಒಂದೊಂದು ಚಮಚ ಬ್ಯಾಡಗಿ ಪುಡಿ ಹಾಕಿ, ಕಲಕಿ, ಸ್ವಲ್ಪ ಹೊತ್ತು ಬಿಡಿ. ನೀರಿನಲ್ಲಿ ಪುಡಿ ತಳ ಸೇರುತ್ತದೆ, ಮೇಲಿನ ನೀರಿಗೆ ಬಣ್ಣ ಅಷ್ಟಾಗಿ ಹತ್ತುವುದಿಲ್ಲ. ಎಣ್ಣೆ ಮಾತ್ರ ಕೆಂಪಗೆ ಹೊಳೆಯುತ್ತದೆ. ಶಿಗ್ಗಾಂವಿ ಹತ್ತಿರದ ಒಂದು ಶಾಲೆಯಲ್ಲಿ ಇದನ್ನು ನೋಡಿದ ಹುಡುಗಿ ಕೇಳಿದಳು: "ಸರ, ನೀರಿನ್ಯಾಗ ಯಾಕ ಬಣ್ಣ ಬಿಡವಲ್ದು?"

ಆಗ ಹೇಳಬಹುದು. ಮೆಣಸಿನಕಾಯಿಯ ಕೆಂಪು ಬಣ್ಣ ಕ್ಯಾರೊಟಿನಾಯ್ಡ್ ಜಾತಿಯದು, ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಅಲ್ಲ. ಖಾರ ಕೊಡುವ ಕ್ಯಾಪ್ಸೈಸಿನ್ ಕೂಡ ಹಾಗೆಯೇ. ಖಾರ ಹತ್ತಿದಾಗ ನೀರು ಕುಡಿದರೆ ಉರಿ ಇಳಿಯುವುದಿಲ್ಲ, ಹಾಲು ಮೊಸರು ಬೇಕಾಗುತ್ತದೆ, ಅಲ್ವಾ? ಕಾರಣ ಅದೇ. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಮಾರುಕಟ್ಟೆಯಲ್ಲಿ ಆ ಬಣ್ಣಕ್ಕೇ ಬೆಲೆ ಅನ್ನುವುದು ಮಕ್ಕಳಿಗೆ ಮೊದಲೇ ಗೊತ್ತು. ಆ ಬಣ್ಣ ಯಾವುದರಲ್ಲಿ ಬಿಡುತ್ತದೆ ಅನ್ನುವುದು ಈಗ ಲೋಟದಲ್ಲಿ ಕಂಡಿತು.

ದೊಡ್ಡವರ ಜೊತೆ ಮಾತಾಡುವುದನ್ನು ಕಲಿಸಿದ್ದು ಶೂನ್ಯ ನೆರಳಿನ ದಿನ. ಹುಬ್ಬಳ್ಳಿ-ಧಾರವಾಡ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ವರ್ಷಕ್ಕೆ ಎರಡು ಸಲ, ಮೇ ಮೊದಲ ವಾರ ಮತ್ತು ಆಗಸ್ಟ್ ಎರಡನೇ ವಾರದಲ್ಲಿ, ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಕಂಬದ ನೆರಳು ಬುಡದಲ್ಲೇ ಅಡಗುತ್ತದೆ. ಆಗಸ್ಟ್‌ನಲ್ಲಿ ಶಾಲೆ ಇರುತ್ತದೆ, ಆದರೆ ಮೋಡ. ಮೇ ತಿಂಗಳಲ್ಲಿ ಬಿಸಿಲು ಇರುತ್ತದೆ, ಆದರೆ ಶಾಲೆಗೆ ರಜೆ. ನಾವು ಮೇ ತಿಂಗಳನ್ನೇ ಹಿಡಿದು, ಕುಂದಗೋಳ ಕಡೆಯ ಒಂದು ಊರಿನ ಗುಡಿಯ ಅಂಗಳದಲ್ಲಿ ಪೈಪು ನಿಲ್ಲಿಸಿದೆವು. ಮಕ್ಕಳ ಹಿಂದೆ ಹಿರಿಯರೂ ಬಂದರು. "12ಕ್ಕ ಯಾಕ ಆಗಂಗಿಲ್ಲ? 12 ದಾಟಿ 25 ನಿಮಿಷಕ್ಕ ಅಂತೀರಲ್ಲ?" ಅಂತ ಒಬ್ಬ ರೈತರು ಹಿಡಿದು ಕೇಳಿದರು. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ನಾವಿರುವುದು ಅದಕ್ಕಿಂತ ಪಶ್ಚಿಮಕ್ಕೆ, 75 ಡಿಗ್ರಿ ಹತ್ತಿರ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮ್ಮ ನೆತ್ತಿಗೆ ಬರುವುದು ತಡ. ಮೇ ಮೊದಲ ವಾರದಲ್ಲಿ ಮಾತ್ರ ಆ ಲೆಕ್ಕಕ್ಕಿಂತ ಸುಮಾರು ಮೂರು ನಿಮಿಷ ಮುಂಚೆಯೇ ಬರುತ್ತಾನೆ. ಇದನ್ನು ಮಣ್ಣಿನ ಮೇಲೆ ಗೆರೆ ಎಳೆದೇ ವಿವರಿಸಿದೆ.

ಅವರ ಪ್ರಶ್ನೆಯಿಂದಲೇ ನನ್ನ ಮೊದಲ ಲೇಖನ ಶುರುವಾಯಿತು. ಅಂಗಳದಲ್ಲಿ ಕೇಳಿದ ಕ್ರಮದಲ್ಲೇ ಬರೆದೆ: ಪೈಪು, ನೆರಳು, ಗಡಿಯಾರ, ಕೊನೆಗೆ ರೇಖಾಂಶ. ಪತ್ರಿಕೆಯವರು ಹೆಚ್ಚು ತಿದ್ದದೆ ಹಾಕಿದರು. ರೇಡಿಯೋಕ್ಕೆ ಮಾತಾಡುವಾಗಲೂ ಇದೇ ಅಭ್ಯಾಸ ಕೈಹಿಡಿಯಿತು. ಕೇಳುವವರಿಗೆ ಏನೂ ಕಾಣುವುದಿಲ್ಲವಲ್ಲ, ಲೋಟ, ಎಣ್ಣೆ, ಬಣ್ಣ ಎಲ್ಲವನ್ನೂ ಮಾತಿನಲ್ಲೇ ಎದುರಿಗಿಡಬೇಕು. ಪ್ರದರ್ಶನದ ಕೆಲಸಕ್ಕೆ ಸಂದರ್ಶನ ಮಾಡಿದವರು ಅಂಕಪಟ್ಟಿಯನ್ನು ಸುಮ್ನೆ ತಿರುವಿ ನೋಡಿದರು. ಆಮೇಲೆ ಒಂದು ಮಾದರಿಯ ಮುಂದೆ ನಿಲ್ಲಿಸಿ, "ಈ ಮಗುವಿಗೆ ಹೇಳಿ" ಅಂದರು. ಅದನ್ನು ನಾನು ಎಷ್ಟೋ ಶಾಲೆಗಳಲ್ಲಿ ಮಾಡಿಬಿಟ್ಟಿದ್ದೆ.

ಈ ದಾರಿಗೆ ಬರುವ ಆಸೆ ಇರುವವರಿಗೆ ಹೇಳುತ್ತೇನೆ. ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನಕ್ಕೆ ಪ್ರಯೋಗ ತೋರಿಸುವವರು ಶಾಲೆಗಳಿಗೆ ಬೇಕೇ ಬೇಕು. ಜನವರಿಯಲ್ಲೇ ನಿಮ್ಮೂರ ಮುಖ್ಯಗುರುಗಳನ್ನು ಕೇಳಿ. ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿರುವ ಪ್ರಾದೇಶಿಕ ವಿಜ್ಞಾನ ಕೇಂದ್ರಕ್ಕೆ ಹೋಗಿ, ಮಕ್ಕಳು ಯಾವ ಮಾದರಿಯ ಮುಂದೆ ನಿಲ್ಲುತ್ತಾರೆ, ಯಾವುದನ್ನು ದಾಟಿ ಹೋಗುತ್ತಾರೆ ಅಂತ ಒಂದು ಮಧ್ಯಾಹ್ನ ಗಮನಿಸಿ. ಮಕ್ಕಳು ಕೇಳಿದ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಅವತ್ತೇ ಬರೆದಿಡಿ. ಅದರಲ್ಲಿ ಒಂದನ್ನು ಲೇಖನ ಮಾಡಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲ ವಿಜ್ಞಾನ'ಕ್ಕೋ ಜಿಲ್ಲೆಯ ಪತ್ರಿಕೆಗೋ ಕಳಿಸಿ. ಕೆಲಸ ಕೇಳಿಕೊಂಡು ಹೋಗುವಾಗ ಆ ನೋಟ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ.