ಹೇಳದೆ ಉಳಿದ ನಿಯಮಗಳು: ಆಟಿಸಂ ಇರುವ ಮಕ್ಕಳಿಗೆ ಪ್ರೌಢಶಾಲೆ ಒಗ್ಗುವಂತೆ ಮಾಡುವುದು ಹೇಗೆ?

ಒಂಬತ್ತನೆಯ ತರಗತಿಯ ಕನ್ನಡ ಕಿರುಪರೀಕ್ಷೆ. ‘ನಿಮ್ಮನ್ನು ಧಾರವಾಡದ ಕಿರಣ್ ಎಂದು ಭಾವಿಸಿಕೊಂಡು, ಶೈಕ್ಷಣಿಕ ಪ್ರವಾಸಕ್ಕೆ ಹಣ ಕೇಳಿ ತಂದೆಗೆ ಪತ್ರ ಬರೆಯಿರಿ’ ಎಂಬ ಪ್ರಶ್ನೆಗೆ ಒಬ್ಬ ಹುಡುಗ ದುಂಡಗಿನ ಅಕ್ಷರದಲ್ಲಿ ಎರಡೇ ವಾಕ್ಯ ಬರೆದಿದ್ದ: ‘ನಾನು ಕಿರಣ್ ಅಲ್ಲ. ನಮ್ಮ ತಂದೆ ಮನೆಯಲ್ಲೇ ಇದ್ದಾರೆ.’ ಉದ್ಧಟತನವೆಂದು ನಾನು ಸೊನ್ನೆ ಹಾಕಿದೆ. ವಾರದ ನಂತರ ಅವನ ತಾಯಿ ಶಾಲೆಗೆ ಬಂದರು. ಮಗನಿಗೆ ಆಟಿಸಂ ಇದೆ, ಹೇಳಿದರೆ ಶಾಲೆಯಿಂದ ಕಳುಹಿಸಿಬಿಡುತ್ತಾರೇನೋ ಎಂದು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ ಎಂದರು. ಆ ಸೊನ್ನೆ ಇಂದಿಗೂ ನನ್ನ ಮನಸ್ಸಿನಲ್ಲಿದೆ. ಹುಡುಗ ಬರೆದದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಆಟಿಸಂ, ಅಂದರೆ ಸ್ವಲೀನತೆ, ಕಾಯಿಲೆಯಲ್ಲ. ಔಷಧಿ ಕೊಟ್ಟು ವಾಸಿ ಮಾಡುವಂಥದ್ದೂ ಅಲ್ಲ. ಮಿದುಳು ಬೆಳೆಯುವ ಬಗೆಯಲ್ಲೇ ಇರುವ ಭಿನ್ನತೆ ಅದು. ಹುಟ್ಟಿನಿಂದ ಕೊನೆಯವರೆಗೂ ಜೊತೆಗಿರುತ್ತದೆ. ಮಾತಿನ ಒಳಾರ್ಥ, ಮುಖಭಾವ, ಗುಂಪಿನ ಒಡನಾಟ ಈ ಮಕ್ಕಳಿಗೆ ಸುಲಭವಾಗಿ ಎಟುಕುವುದಿಲ್ಲ. ದಿನಚರಿ ತಪ್ಪಿದರೆ ಕಂಗಾಲಾಗುತ್ತಾರೆ. ಇಷ್ಟದ ವಿಷಯವೊಂದು ಸಿಕ್ಕಿದರೆ ಅದರ ಆಳಕ್ಕೆ ಇಳಿಯುತ್ತಾರೆ. ಪ್ರಾಥಮಿಕ ಶಾಲೆಯಲ್ಲಿ ಹೇಗೋ ನಡೆದುಕೊಂಡು ಬಂದ ಮಗು ಎಂಟನೆಯ ತರಗತಿಗೆ ಬಂದೊಡನೆ ಕುಸಿಯುವುದು ಏಕೆ? ಅಲ್ಲಿ ಹೆಚ್ಚಿನ ಹೊತ್ತು ಒಬ್ಬರೇ ಶಿಕ್ಷಕರಿದ್ದರು. ಇಲ್ಲಿ ಅವಧಿಗೊಬ್ಬರು. ಒಬ್ಬರಿಗೆ ಎದ್ದು ನಿಂತು ಉತ್ತರಿಸಬೇಕು, ಇನ್ನೊಬ್ಬರಿಗೆ ಕೈ ಎತ್ತಿ ಕಾಯಬೇಕು, ಮತ್ತೊಬ್ಬರ ತರಗತಿಯಲ್ಲಿ ಪ್ರಶ್ನೆ ಕೇಳುವುದೇ ಅಧಿಕಪ್ರಸಂಗ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಉಳಿದ ಮಕ್ಕಳು ಕಣ್ಣಂಚಿನಲ್ಲಿ ನೋಡಿ ಕಲಿಯುತ್ತಾರೆ. ಆಟಿಸಂ ಇರುವ ಮಗುವಿಗೆ ನಾವು ಬಾಯಿಬಿಟ್ಟು ಹೇಳಬೇಕು, ಬರೆದು ಕೊಡಬೇಕು. ಕೆಳಗಿನ ಹೆಜ್ಜೆಗಳೆಲ್ಲ ಇದನ್ನೇ ಮಾಡುವ ಬಗೆಗಳು.

ಹೆಜ್ಜೆ 1: ಶಾಲೆ ತೆರೆಯುವ ಮೊದಲೇ ಶಾಲೆ ತೋರಿಸಿ

ಬೇಸಿಗೆ ರಜೆ ಮುಗಿಯುವ ಹೊತ್ತಿಗೆ, ಶಾಲೆ ಖಾಲಿ ಇರುವಾಗ, ಮಗುವನ್ನು ಎರಡು ಮೂರು ಸಲ ಕರೆದುಕೊಂಡು ಹೋಗಿ. ತರಗತಿ, ಕುಡಿಯುವ ನೀರಿನ ನಲ್ಲಿ, ಶೌಚಾಲಯ, ಮುಖ್ಯ ಶಿಕ್ಷಕರ ಕೊಠಡಿ, ಗಂಟೆ ಹೊಡೆಯುವ ಜಾಗ ಎಲ್ಲವನ್ನೂ ತೋರಿಸಿ, ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಮನೆಯಲ್ಲಿ ಅದನ್ನು ನೋಡುತ್ತಾ ನೋಡುತ್ತಾ ಹೊಸ ಜಾಗ ಹಳೆಯದಾಗುತ್ತದೆ.

ಜೊತೆಗೆ ಒಂದು ಪುಟದ ಪರಿಚಯಪತ್ರ ತಯಾರಾಗಲಿ. ಒಂದೇ ಪುಟ, ಏಕೆಂದರೆ ಹತ್ತು ಪುಟದ ವೈದ್ಯಕೀಯ ವರದಿಯನ್ನು ಓದುವ ಪುರುಸೊತ್ತು ಯಾವ ಶಿಕ್ಷಕರಿಗೂ ಇಲ್ಲ. ನನಗೆ ಏನು ಇಷ್ಟ, ಯಾವುದರಿಂದ ಕಷ್ಟವಾಗುತ್ತದೆ, ದಣಿದಾಗ ನಾನು ಹೇಗೆ ಕಾಣುತ್ತೇನೆ, ಆಗ ನನಗೆ ಏನು ಬೇಕು: ಈ ನಾಲ್ಕು ವಿಷಯಗಳಿದ್ದರೆ ಸಾಕು. ಮಗುವೇ ಹೇಳಿ ಬರೆಸಿದರೆ ಒಳ್ಳೆಯದು. ಇದರ ಪ್ರತಿ ಪ್ರತಿಯೊಬ್ಬ ವಿಷಯ ಶಿಕ್ಷಕರಿಗೂ, ದೈಹಿಕ ಶಿಕ್ಷಣ ಶಿಕ್ಷಕರಿಗೂ ತಲುಪಬೇಕು. ಸರ್ಕಾರಿ ಶಾಲೆಯಾದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿರುವ ಸಮನ್ವಯ ಶಿಕ್ಷಣದ, ಅಂದರೆ ವಿಶೇಷ ಅಗತ್ಯವುಳ್ಳ ಮಕ್ಕಳನ್ನು ಎಲ್ಲರ ಜೊತೆಗೇ ಓದಿಸುವ ವ್ಯವಸ್ಥೆಯ, ಸಂಪನ್ಮೂಲ ಶಿಕ್ಷಕರನ್ನು ಆರಂಭದಲ್ಲೇ ಕಂಡು ಮಾತನಾಡಿ.

ಹೆಜ್ಜೆ 2: ಮಗುವಿನ ಕಿವಿಯಿಂದ ಶಾಲೆಯನ್ನು ಕೇಳಿ

ತರಗತಿಯ ಹಿಂದಿನ ಬೆಂಚಿನಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿ ಕುಳಿತು ನೋಡಿ. ಫ್ಯಾನಿನ ಕಿರುಗುಟ್ಟುವಿಕೆ, ಟ್ಯೂಬ್‌ಲೈಟಿನ ಗುಂಯ್ ಸದ್ದು, ಪಕ್ಕದ ತರಗತಿಯ ಸಾಮೂಹಿಕ ಪಠಣ, ರಸ್ತೆಯ ಹಾರ್ನ್. ನಮ್ಮ ಮಿದುಳು ಇವನ್ನೆಲ್ಲ ಬದಿಗೆ ಸರಿಸುತ್ತದೆ. ಆಟಿಸಂ ಇರುವ ಅನೇಕ ಮಕ್ಕಳಿಗೆ ಎಲ್ಲವೂ ಒಂದೇ ಮಟ್ಟದಲ್ಲಿ, ಒಟ್ಟಿಗೇ ಕೇಳಿಸುತ್ತದೆ.

ಗೋಡೆಯ ಪಕ್ಕದ, ಬಾಗಿಲಿಗೆ ಹತ್ತಿರದ ಒಂದು ಸ್ಥಳವನ್ನು ವರ್ಷಪೂರ್ತಿ ಆ ಮಗುವಿಗೇ ಬಿಡಿ. ಪ್ರಾರ್ಥನೆಯ ಸಾಲಿನಲ್ಲಿ ಧ್ವನಿವರ್ಧಕದಿಂದ ದೂರ ನಿಲ್ಲಿಸಿ. ಬಿಸಿಯೂಟದ ಗದ್ದಲ ತಡೆಯಲಾಗದಿದ್ದರೆ ಐದು ನಿಮಿಷ ಮೊದಲು ಊಟಕ್ಕೆ ಕಳುಹಿಸಿ. ಕಬ್ಬಿಣದ ತುಂಡಿಗೆ ಹೊಡೆಯುವ ಗಂಟೆ ಕೆಲವರಿಗೆ ನೇರವಾಗಿ ತಲೆಗೇ ಹೊಡೆದಂತೆ. ಕೈಗಡಿಯಾರ ಕಟ್ಟಿಕೊಂಡ ಮಗು ಎರಡು ನಿಮಿಷ ಮೊದಲೇ ಸಿದ್ಧವಾಗಬಲ್ಲದು. ಕಿವಿಗೆ ಹತ್ತಿ, ಇಯರ್‌ಪ್ಲಗ್ ಬೇಕೆಂದರೆ ಹಾಕಿಕೊಳ್ಳಲು ಬಿಡಿ. ಇದಾವುದಕ್ಕೂ ಶಾಲೆಯ ಅನುದಾನದಿಂದ ಒಂದು ರೂಪಾಯಿಯೂ ಬೇಡ.

ಹೆಜ್ಜೆ 3: ನೇರವಾಗಿ ಮಾತನಾಡಿ

ಕನ್ನಡ ಮೇಷ್ಟ್ರುಗಳಾದ ನಾವು ಹೆಚ್ಚು ಕಲಿಯಬೇಕಾದದ್ದು ಇಲ್ಲಿ. ನಮ್ಮ ಮಾತಿನಲ್ಲಿ ಸುತ್ತು ಬಹಳ. ‘ಏನಪ್ಪಾ, ಪುಸ್ತಕ ತೆಗೆಯುವುದಕ್ಕೆ ಮುಹೂರ್ತ ನೋಡಬೇಕೇ?’ ಎಂದರೆ ತರಗತಿಯೆಲ್ಲ ನಕ್ಕು ಪುಸ್ತಕ ತೆಗೆಯುತ್ತದೆ. ಈ ಹುಡುಗ ‘ಬೇಡ ಮೇಡಂ’ ಎಂದು ಉತ್ತರ ಕೊಟ್ಟು ಸುಮ್ಮನೆ ಕೂರುತ್ತಾನೆ. ಕೇಳಿದ ಪ್ರಶ್ನೆಗೆ ಅವನು ಉತ್ತರಿಸಿದ್ದಾನೆ. ‘ಪುಸ್ತಕ ತೆಗೆ, 42ನೆಯ ಪುಟ’ ಎನ್ನಿ. ಒಂದು ಸಲಕ್ಕೆ ಒಂದೇ ಸೂಚನೆ. ಹೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸುವಷ್ಟು ಹೊತ್ತು ಕಾಯಿರಿ. ‘ನನ್ನ ಮುಖ ನೋಡಿ ಮಾತಾಡು’ ಎಂಬ ಒತ್ತಾಯ ಬೇಡವೇ ಬೇಡ. ಮುಖ ನೋಡುವ ಶ್ರಮದಲ್ಲಿ ಕೆಲವರಿಗೆ ಕಿವಿಗೆ ಬಿದ್ದ ಮಾತು ಮನಸ್ಸಿಗೆ ಇಳಿಯುವುದಿಲ್ಲ.

ಗಾದೆ ವಿಸ್ತರಣೆ ಇವರಿಗೆ ದೊಡ್ಡ ಕಂಟಕ. ‘ಕೈ ಕೆಸರಾದರೆ ಬಾಯಿ ಮೊಸರು’ ಎಂದರೆ ಕೆಸರಿನ ಕೈಯಲ್ಲಿ ಮೊಸರು ತಿನ್ನುವ ಚಿತ್ರವೇ ಕಣ್ಣ ಮುಂದೆ ಬಂದು ಅಸಹ್ಯವಾಗುತ್ತದೆ. ನಾನು ಹಾಳೆಯ ಮೇಲೆ ಮೂರು ಚೌಕ ಹಾಕಿ ಕಲಿಸಿದೆ. ಮೊದಲ ಚೌಕದಲ್ಲಿ ಗಾದೆಯ ಪದಗಳು ಹೇಳುವುದು, ಎರಡನೆಯದರಲ್ಲಿ ಹಿರಿಯರು ಅದನ್ನು ಯಾವ ಅರ್ಥಕ್ಕೆ ಬಳಸುತ್ತಾರೆ ಎಂಬುದು, ಮೂರನೆಯದರಲ್ಲಿ ಅವನಿಗೆ ಗೊತ್ತಿರುವ ಒಂದು ನಿಜ ಘಟನೆ. ಗದ್ದೆಯಲ್ಲಿ ನಾಟಿ ಮಾಡಿದ ಅಜ್ಜನ ಕೈಯನ್ನು ಅವನು ಮೂರನೆಯ ಚೌಕದಲ್ಲಿ ಬರೆದ. ಬೆರಳಿನ ಸಂದಿಯಲ್ಲಿ ಒಣಗಿ ಬಿರಿದ ಮಣ್ಣು, ಸಂಜೆ ಅದನ್ನು ತೊಳೆಯಲು ಹಿಡಿದ ಸಮಯ, ಎಲ್ಲವೂ ಇತ್ತು. ನನ್ನ ತರಗತಿಯಲ್ಲಿ ಆ ವರ್ಷ ಅದಕ್ಕಿಂತ ಒಳ್ಳೆಯ ವಿಸ್ತರಣೆ ಬರಲಿಲ್ಲ.

ಪತ್ರದ ಪ್ರಶ್ನೆಯನ್ನೂ ಬಿಡಿಸಿ ಹೇಳಿದೆ. ‘ಉತ್ತರಪತ್ರಿಕೆಯಲ್ಲಿ ನಿನ್ನ ನಿಜವಾದ ಹೆಸರು, ಊರು ಬಂದರೆ ಮೌಲ್ಯಮಾಪಕರಿಗೆ ನೀನು ಯಾರೆಂದು ಗೊತ್ತಾಗುತ್ತದೆ. ಹಾಗಾಗಬಾರದೆಂದು ಬೇರೆ ಹೆಸರು ಕೊಡುತ್ತಾರೆ.’ ಹುಡುಗ ಸ್ವಲ್ಪ ಹೊತ್ತು ಯೋಚಿಸಿ, ‘ಇದನ್ನು ಮೊದಲೇ ಹೇಳಬಹುದಿತ್ತಲ್ಲ ಮೇಡಂ’ ಎಂದ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ನಿಯಮ ಸ್ಪಷ್ಟವಾಗಿರುವ ಕಡೆ ಇವರಲ್ಲಿ ಹಲವರು ಎಲ್ಲರಿಗಿಂತ ಮುಂದೆ. ಭಾಮಿನಿ ಷಟ್ಪದಿಯ 1, 2, 4, 5ನೆಯ ಸಾಲುಗಳಲ್ಲಿ 14 ಮಾತ್ರೆ, 3 ಮತ್ತು 6ನೆಯ ಸಾಲುಗಳಲ್ಲಿ 23 ಮಾತ್ರೆ ಎಂದು ಒಮ್ಮೆ ಹೇಳಿದ್ದೇ ತಡ, ಆ ಹುಡುಗ ಪಠ್ಯದ ಪದ್ಯಗಳಿಗೆಲ್ಲ ಪೆನ್ಸಿಲಿನಲ್ಲಿ ಲಘು ಗುರು ಹಾಕಿ ಮುಗಿಸಿದ್ದ. ಪ್ರಸ್ತಾರ ಹಾಕುವುದನ್ನು ಉಳಿದವರಿಗೆ ಹೇಳಿಕೊಡುವ ಕೆಲಸ ಅವನದಾಯಿತು. ಅಂದಿನಿಂದ ತರಗತಿ ಅವನನ್ನು ನೋಡುವ ಬಗೆ ಬದಲಾಯಿತು.

ಹೆಜ್ಜೆ 4: ತಡೆಯಲಾಗದೆ ಸಿಡಿದಾಗ

ಕಿರುಚುವುದು, ಕಿವಿ ಮುಚ್ಚಿಕೊಂಡು ಬೆಂಚಿನ ಕೆಳಗೆ ಸೇರುವುದು, ಪುಸ್ತಕ ಎಸೆಯುವುದು. ನೋಡುವವರಿಗೆ ಹಟದಂತೆ ಕಾಣುತ್ತದೆ. ಹಟಕ್ಕೆ ಗುರಿಯಿರುತ್ತದೆ, ಕೇಳಿದ್ದು ಸಿಕ್ಕಿದರೆ ನಿಲ್ಲುತ್ತದೆ. ಇದು ಬೆಳಗಿನಿಂದ ತುಂಬುತ್ತಾ ಬಂದ ಕೊಡ ತುಳುಕುವುದು. ಮಗುವಿನ ಕೈಯಲ್ಲಿ ತಡೆಯುವ ಶಕ್ತಿ ಉಳಿದಿರುವುದಿಲ್ಲ. ಕೆಲವರು ಸಿಡಿಯುವುದಿಲ್ಲ, ಮಾತು ಪೂರ್ತಿ ನಿಂತು ಕಲ್ಲಿನಂತೆ ಕೂರುತ್ತಾರೆ. ಅದೂ ಇದೇ. ಹೆಣ್ಣುಮಕ್ಕಳಲ್ಲಿ ಹಲವರು ಶಾಲೆಯಲ್ಲಿ ಎಲ್ಲವನ್ನೂ ಅದುಮಿಟ್ಟುಕೊಂಡು ಮನೆಯ ಹೊಸಿಲು ದಾಟಿದೊಡನೆ ಒಡೆದುಹೋಗುತ್ತಾರೆ. ‘ಶಾಲೆಯಲ್ಲಿ ಚೆನ್ನಾಗಿಯೇ ಇದ್ದಾಳಲ್ಲ’ ಎಂದು ತಾಯಿಯ ಮಾತನ್ನು ತಳ್ಳಿಹಾಕಬೇಡಿ.

ಹೆಚ್ಚಿನ ಸಲ ಮುನ್ಸೂಚನೆಗಳು ಇರುತ್ತವೆ. ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುವುದು, ಕಾಲು ಅಲುಗಾಡಿಸುವುದು ಹೆಚ್ಚಾಗುವುದು, ಉಗುರು ಕಚ್ಚುವುದು. ಆಗ ಮೇಜಿನ ಮೇಲೆ ಇಡಲೆಂದು ಒಂದು ಬಣ್ಣದ ಚೀಟಿಯನ್ನು ಮೊದಲೇ ಕೊಟ್ಟಿರಿ. ಚೀಟಿ ಇಟ್ಟರೆ ಕೇಳದೆ, ಹೇಳದೆ ಹೊರಗೆ ಹೋಗಬಹುದು ಎಂಬ ಒಪ್ಪಂದವಿರಲಿ. ಎಲ್ಲಿಗೆ ಹೋಗಬೇಕು ಎಂಬುದೂ ಮೊದಲೇ ಗೊತ್ತಿರಲಿ: ಗ್ರಂಥಾಲಯದ ಮೂಲೆಯೋ, ಶಿಕ್ಷಕರ ಕೊಠಡಿಯ ಪಕ್ಕದ ಬೆಂಚೋ.

ಸಿಡಿದೇಬಿಟ್ಟರೆ ಉಳಿದ ಮಕ್ಕಳನ್ನು ಹೊರಗೆ ಕಳುಹಿಸಿ. ಮುಟ್ಟಬೇಡಿ, ‘ಏನಾಯಿತು, ಏಕೆ ಹೀಗೆ’ ಎಂದು ಪ್ರಶ್ನೆಗಳ ಮಳೆ ಸುರಿಸಬೇಡಿ. ಸ್ವಲ್ಪ ದೂರದಲ್ಲಿ ಸುಮ್ಮನೆ ಕುಳಿತಿರಿ. ತಣಿದ ಮೇಲೂ ಅರ್ಧ ದಿನ ದಣಿವಿರುತ್ತದೆ. ಕ್ಷಮಾಪಣೆ ಪತ್ರ ಬರೆಸುವ ಪದ್ಧತಿಯನ್ನು ದಯವಿಟ್ಟು ಕೈಬಿಡಿ.

ಹೆಜ್ಜೆ 5: ತರಗತಿಯ ಗೆಳೆತನ, ಬಿಡುವಿನ ಹೊತ್ತು

ಕಾಟ ನಡೆಯುವುದು ಪಾಠದ ನಡುವೆ ಅಲ್ಲ, ಊಟದ ಬಿಡುವಿನಲ್ಲಿ, ಶೌಚಾಲಯದ ಬಳಿ, ಬಸ್ ನಿಲ್ದಾಣದಲ್ಲಿ. ‘ಆ ಹುಡುಗಿಗೆ ಹೋಗಿ ಹೀಗೆ ಹೇಳು’ ಎಂದು ಕಳುಹಿಸಿ ಮರೆಯಲ್ಲಿ ನಗುವವರನ್ನೇ ಗೆಳೆಯರೆಂದು ಈ ಮಗು ನಂಬಿರುತ್ತದೆ. ‘ತಮಾಷೆ ಮಾಡಿದರಷ್ಟೆ’ ಎಂದು ನಾವು ಹಗುರವಾಗಿ ತೆಗೆದುಕೊಂಡರೆ ಮಗು ಮುಂದೆ ಏನನ್ನೂ ಹೇಳುವುದಿಲ್ಲ. ಬಿಡುವಿಗೆ ಒಂದು ಕೆಲಸ ಕೊಡಿ: ಪುಸ್ತಕಗಳಿಗೆ ಸಂಖ್ಯೆ ಹಾಕುವುದು, ಗಿಡಗಳಿಗೆ ನೀರು. ಗುಂಪು ಚಟುವಟಿಕೆಯಲ್ಲಿ ‘ನೀವೇ ಗುಂಪು ಮಾಡಿಕೊಳ್ಳಿ’ ಎನ್ನದೆ ಹೆಸರು ಕರೆದು, ಯಾರ ಪಾಲಿಗೆ ಯಾವ ಕೆಲಸ ಎಂದು ನೀವೇ ಹಂಚಿ. ಒಬ್ಬಳೇ ಒಳ್ಳೆಯ ಹುಡುಗಿಯ ಹೆಗಲಿಗೆ ಅವನ ಆರೈಕೆ ಹೊರಿಸುವುದು ಇಬ್ಬರಿಗೂ ಅನ್ಯಾಯ. ಆಟಿಸಂ ಬಗ್ಗೆ ತರಗತಿಗೆ ಹೇಳಬೇಕೇ ಎಂಬುದನ್ನು ಮಗುವನ್ನೂ ಮನೆಯವರನ್ನೂ ಕೇಳಿಯೇ ತೀರ್ಮಾನಿಸಿ.

ಹೆಜ್ಜೆ 6: ಹರೆಯದ ಮಾತು

ಮೀಸೆ, ಮುಟ್ಟು, ಮೋಹ ಇವರಿಗೂ ಬರುತ್ತವೆ. ದೇಹದಲ್ಲಾಗುವ ಬದಲಾವಣೆಯನ್ನು ಆರು ತಿಂಗಳು ಮೊದಲೇ, ಚಿತ್ರ ತೋರಿಸಿ, ಅಂಗಗಳ ಸರಿಯಾದ ಹೆಸರು ಹೇಳಿ ತಿಳಿಸಿ. ಪ್ಯಾಡ್ ಬಳಸುವುದನ್ನು ಮುಟ್ಟಾಗುವ ಮೊದಲೇ ಅಭ್ಯಾಸ ಮಾಡಿಸಿ. ಹೇಳಿದಂತೆ ಕೇಳು ಎಂದು ಬೆಳೆಸಿದ ಮಗುವಿಗೆ ‘ಬೇಡ’ ಎನ್ನುವ ಹಕ್ಕು ನಿನಗಿದೆ ಎಂದೂ ಕಲಿಸಬೇಕು, ದೊಡ್ಡವರಿಗೂ ಬೇಡ ಎನ್ನಬಹುದು ಎಂದೂ. ಕಿರುಕುಳದ ಸುಳಿವು ಸಿಕ್ಕಿದರೆ ಮಕ್ಕಳ ಸಹಾಯವಾಣಿ 1098. ಆಟಿಸಂ ಇರುವವರಲ್ಲಿ ಮೂರ್ಛೆ ರೋಗ ಹೆಚ್ಚು. ಕೆಲವರಲ್ಲಿ ಹರೆಯದಲ್ಲೇ ಮೊದಲ ಸಲ ಕಾಣಿಸಿಕೊಳ್ಳುತ್ತದೆ. ನಿದ್ದೆ ಕೆಟ್ಟರೆ, ಇಷ್ಟದ ವಿಷಯದಲ್ಲೂ ಆಸಕ್ತಿ ಹೋದರೆ ಖಿನ್ನತೆಯೇ ಇರಬಹುದು, ‘ಅವನು ಹಾಗೆಯೇ’ ಎಂದು ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು.

ಹೆಜ್ಜೆ 7: ಕಾಗದಪತ್ರ ಎಂಟನೆಯ ತರಗತಿಯಲ್ಲೇ ಶುರುವಾಗಲಿ

ಹತ್ತನೆಯ ತರಗತಿಯ ಜನವರಿಯಲ್ಲಿ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಓಡಾಡುವ ತಂದೆ ತಾಯಿಯರನ್ನು ಪ್ರತಿ ವರ್ಷ ನೋಡುತ್ತೇನೆ, ಸಂಕಟವಾಗುತ್ತದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರ ಪಟ್ಟಿಯಲ್ಲಿರುವ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಒಂದು. ನಮ್ಮ ದೇಶದಲ್ಲಿ ಆಟಿಸಂನ ಪ್ರಮಾಣ ಅಳೆಯಲು 40 ಅಂಶಗಳ ಭಾರತೀಯ ಮಾಪನವೊಂದಿದೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ತಪಾಸಣೆ ಮಾಡಿಸಬಹುದು. ಪ್ರಮಾಣಪತ್ರಕ್ಕಾಗಿ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿಗೆ, ಸರ್ಕಾರದ ಸ್ವಾವಲಂಬನ್ ಜಾಲತಾಣದಲ್ಲಿ ಅರ್ಜಿ ಹಾಕಬೇಕು. ಅಂಗವೈಕಲ್ಯ ಶೇಕಡಾ 40 ಅಥವಾ ಹೆಚ್ಚು ಎಂದು ದಾಖಲಾದರೆ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ.

ಪರೀಕ್ಷೆಗೆ ಹೆಚ್ಚುವರಿ ಸಮಯ, ಮಗು ಹೇಳಿದ್ದನ್ನು ಬರೆದುಕೊಡುವ ಲಿಪಿಕಾರರ ನೆರವು, ಎರಡನೆಯ ಮತ್ತು ಮೂರನೆಯ ಭಾಷೆಯಿಂದ ವಿನಾಯಿತಿ ಇವನ್ನು ಕಾಯ್ದೆಯ 17ನೆಯ ಕಲಮು ಹೇಳುತ್ತದೆ. ಕೇಂದ್ರದ ಮಾರ್ಗಸೂಚಿಯಂತೆ ಗಂಟೆಗೆ ಕನಿಷ್ಠ 20 ನಿಮಿಷ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚು ಸಿಗಬೇಕು. ಬರೆಯುವ ಕಷ್ಟ ನಿಜವಾಗಿದ್ದರೆ ಶೇಕಡಾ 40ಕ್ಕಿಂತ ಕಡಿಮೆ ಎಂಬ ಕಾರಣಕ್ಕೆ ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಎಸ್‌ಎಸ್‌ಎಲ್‌ಸಿಗೆ ಈ ಕೋರಿಕೆ ಮುಖ್ಯ ಶಿಕ್ಷಕರ ಮೂಲಕ ಪರೀಕ್ಷಾ ಮಂಡಳಿಗೆ ಹೋಗಬೇಕು. ಸಲ್ಲಿಸಿದ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ಎಲ್ಲ ವಿನಾಯಿತಿಯನ್ನೂ ಪಡೆಯಬೇಡಿ ಎಂಬುದು ನನ್ನ ಅಭಿಪ್ರಾಯ. ಅಪರಿಚಿತ ಲಿಪಿಕಾರರು ಪಕ್ಕದಲ್ಲಿ ಕುಳಿತರೆ ಕೆಲವು ಮಕ್ಕಳಿಗೆ ಬಾಯಿಯೇ ಕಟ್ಟುತ್ತದೆ. ಒಂಬತ್ತನೆಯ ತರಗತಿಯಲ್ಲೇ ಎರಡು ಪರೀಕ್ಷೆಗಳಲ್ಲಿ ಪ್ರಯತ್ನಿಸಿ ನೋಡಿ. ಭಾಷೆ ಬಿಡಿಸುವ ಮುನ್ನ ಮುಂದೆ ಸೇರಬೇಕೆಂದಿರುವ ಪಿಯು ಕಾಲೇಜಿನಲ್ಲಿ ಅದರಿಂದ ತೊಡಕಾದೀತೇ ಎಂದು ಕೇಳಿ ತಿಳಿದುಕೊಳ್ಳಿ. ಪರೀಕ್ಷಾ ಕೇಂದ್ರ ಗೊತ್ತಾದೊಡನೆ ಒಂದು ಭಾನುವಾರ ಹೋಗಿ ಕೊಠಡಿ, ಶೌಚಾಲಯ, ಗೇಟು ತೋರಿಸಿ ಬನ್ನಿ. ಮೊದಲ ಹೆಜ್ಜೆಯನ್ನೇ ಅಲ್ಲಿಯೂ ಮಾಡಿ.

ಪರಿಚಯಪತ್ರವನ್ನು ವರ್ಷಕ್ಕೊಮ್ಮೆ ಮಗುವಿನ ಜೊತೆ ಕುಳಿತು ತಿದ್ದುವುದನ್ನು ಮರೆಯಬೇಡಿ, ಹದಿಮೂರರ ಮಗುವೇ ಬೇರೆ, ಹದಿನಾರರ ಮಗುವೇ ಬೇರೆ. ನನ್ನ ವಿದ್ಯಾರ್ಥಿ ಕಾಲೇಜಿಗೆ ಹೋಗುವಾಗ ತನ್ನದನ್ನು ತಾನೇ ಹೊಸದಾಗಿ ಬರೆದ. ‘ನನಗೆ ಏನು ಬೇಕು’ ಎಂಬಲ್ಲಿ ಹೀಗಿತ್ತು: ‘ನಿಮ್ಮ ತರಗತಿಯ ನಿಯಮಗಳನ್ನು ಮೊದಲ ದಿನ ಬೋರ್ಡಿನ ಮೇಲೆ ಬರೆಯಿರಿ. ನಾನು ಪಾಲಿಸುತ್ತೇನೆ.’