ಗೋಣು ಹಿಡಿದರೆ ಲಟಕ್ ಅನ್ನಿಸಬೇಡಿ, ಕಾವು ಕೊಟ್ಟು ಹೊರಳಿಸಿ

ಬೆಳಿಗ್ಗೆ ಏಳುವಾಗಲೇ ಕುತ್ತಿಗೆ ಒಂದು ಬದಿಗೆ ಬಿಗಿದುಕೊಂಡಿರುತ್ತದೆ. ಹಿಂದಿನಿಂದ ಯಾರಾದರೂ ಕರೆದರೆ ತಲೆಯಷ್ಟೇ ತಿರುಗದು, ಇಡೀ ಮೈ ಹೊರಳಬೇಕು. ‘ಗೋಣು ಹಿಡದೈತ್ರಿ, ಹೊಳ್ಳವಲ್ದು’ ಎಂದು ವಿಜಯಪುರ, ಬಾಗಲಕೋಟೆ ಕಡೆ ಹೇಳುವುದು ಇದನ್ನೇ. ಹೆಚ್ಚಿನ ಸಲ ಇದು ಸ್ನಾಯು ಸೆಟೆದದ್ದು. ಮೂರ್ನಾಲ್ಕು ದಿನದಲ್ಲಿ ಸಡಿಲಾಗಿ, ಒಂದೆರಡು ವಾರದಲ್ಲಿ ಪೂರ್ತಿ ಹೋಗುತ್ತದೆ. ಅಷ್ಟರಲ್ಲಿ ಜನ ಎರಡು ತಪ್ಪು ಮಾಡುತ್ತಾರೆ: ಕುತ್ತಿಗೆಯನ್ನು ಕೊರಡಿನಂತೆ ಅಲ್ಲಾಡಿಸದೆ ಇಡುವುದು, ಇಲ್ಲವೇ ಯಾರದೋ ಕೈಗೆ ಕೊಟ್ಟು ಲಟಕ್ ಅನ್ನಿಸುವುದು.

ಎಲ್ಲಿ ಹಿಡಿದಿದೆ ನೋಡಿ

ಬಲಗಡೆ ನೋವಿದ್ದರೆ ಎಡಗೈಯನ್ನು ಬಲ ಹೆಗಲ ಮೇಲಿಂದ ಹಿಂದಕ್ಕೆ ಹಾಕಿ. ಬೆನ್ನಿನ ರೆಕ್ಕೆ ಎಲುಬಿನ ಮೇಲಿನ ಒಳಮೂಲೆ ಬೆರಳಿಗೆ ಸಿಗುತ್ತದೆ. ಅಲ್ಲಿಂದ ಕುತ್ತಿಗೆಯತ್ತ ಹಗ್ಗದಂತೆ ಗಟ್ಟಿಯಾದದ್ದು ಸಿಕ್ಕಿ, ಒತ್ತಿದರೆ ‘ಹಾಂ, ಇಲ್ಲೇ’ ಅನ್ನಿಸಿದರೆ ಹೆಗಲನ್ನು ಮೇಲೆತ್ತುವ ಸ್ನಾಯು ಬಿಗಿದಿದೆ. ಕುತ್ತಿಗೆಯ 7 ಮಣಿಗಳಲ್ಲಿ ಮೇಲಿನ ನಾಲ್ಕಕ್ಕೆ ಅದು ಅಂಟಿಕೊಂಡಿರುತ್ತದೆ; ತಲೆ ತಿರುಗಿಸುವಾಗ ಚುಚ್ಚುವುದು ಅದಕ್ಕೇ. ರಾತ್ರಿ ಬಸ್ಸಿನಲ್ಲಿ ತಲೆ ವಾಲಿಸಿ ಮಲಗಿದ್ದು, ಎತ್ತರದ ದಿಂಬು, ಒಂದೇ ಹೆಗಲಿಗೆ ಭಾರದ ಚೀಲ, ತಾಸುಗಟ್ಟಲೆ ಬಗ್ಗಿಸಿದ ತಲೆ ಇವು ಸಾಮಾನ್ಯ ಕಾರಣಗಳು.

ಇವಿದ್ದರೆ ಮನೆಮದ್ದು ಬೇಡ

ಜ್ವರ, ಜೋರು ತಲೆನೋವು, ವಾಂತಿ, ಬೆಳಕು ನೋಡಲಾಗದಿರುವುದು, ಇವುಗಳ ಜೊತೆ ಗದ್ದವನ್ನು ಎದೆಯತ್ತ ಬಗ್ಗಿಸಲೂ ಆಗದಿದ್ದರೆ ಅದು ಮಿದುಳು ಪೊರೆಯ ಉರಿಯೂತ ಇರಬಹುದು. ತಡಮಾಡದೆ 108ಕ್ಕೆ ಕರೆ ಮಾಡಿ. ಬಿದ್ದು ಅಥವಾ ಗಾಡಿಯ ಅಪಘಾತದಲ್ಲಿ ಪೆಟ್ಟಾಗಿದ್ದರೆ ಕುತ್ತಿಗೆ ಅಲುಗಿಸದೆ ಆಸ್ಪತ್ರೆಗೆ ಒಯ್ಯಬೇಕು. ಕೈಯಲ್ಲಿ ಶಕ್ತಿ ಕುಂದುವುದು, ನಡೆಯುವಾಗ ಕಾಲು ತೊಡರುವುದು, ಮೂತ್ರ ಹಿಡಿತ ತಪ್ಪುವುದು, ಮಾತು ತೊದಲುವುದು, ಎದೆನೋವು, ಬಾಯಿ ತೆರೆಯಲಾಗದಂತೆ ದವಡೆ ಬಿಗಿಯುವುದು ಕಂಡರೂ ಅಷ್ಟೇ ಅವಸರ. ವಾಂತಿ ನಿಲ್ಲಿಸುವ ಅಥವಾ ಮಾನಸಿಕ ಕಾಯಿಲೆಯ ಕೆಲವು ಔಷಧಿಗಳಿಂದಲೂ ಕುತ್ತಿಗೆ ತಿರುಚಿಕೊಳ್ಳುತ್ತದೆ. ಯಾವ ಗುಳಿಗೆ, ಇಂಜೆಕ್ಷನ್ ಆಗಿತ್ತೆಂದು ವೈದ್ಯರಿಗೆ ಹೇಳಿ. ಮಕ್ಕಳಿಗೆ ಜ್ವರ, ಗಂಟಲು ನೋವಿನ ಜೊತೆ ಗೋಣು ಹಿಡಿದರೆ ಮನೆಯಲ್ಲಿ ಕಾಯಬಾರದು.

ಮೊದಲ ದಿನ

1. ಹಾಸಿಗೆಯಿಂದ ನೇರ ಎದ್ದು ಕೂಡಬೇಡಿ. ಮಗ್ಗುಲಿಗೆ ಹೊರಳಿ, ಕಾಲು ಕೆಳಗಿಳಿಸಿ, ಕೈಯೂರಿ ಏಳಿ. ಮಲಗಿದಲ್ಲಿಂದ ತಲೆ ಎತ್ತುವಾಗಲೇ ಸೆಳೆತ ಹೆಚ್ಚುವುದು.

2. ಕಾವು ಕೊಡಿ. ಕಾಲು ಕಿಲೊ ಹರಳುಪ್ಪನ್ನು ರೊಟ್ಟಿ ಹಂಚಿನ ಮೇಲೆ ಬಿಸಿ ಮಾಡಿ, ದಪ್ಪ ಹತ್ತಿಬಟ್ಟೆಯಲ್ಲಿ ಗಂಟು ಕಟ್ಟಿ. ಮೊದಲು ಮುಂಗೈ ಒಳಭಾಗಕ್ಕೆ ತಾಗಿಸಿ. ಹಿತವಾಗಿ ತಡೆಯುವಷ್ಟೇ ಬಿಸಿ ಇರಬೇಕು. 15ರಿಂದ 20 ನಿಮಿಷ, ದಿನಕ್ಕೆ ಮೂರು ಸಲ. ನೋವಿನ ಮುಲಾಮು ಹಚ್ಚಿದ ಜಾಗಕ್ಕೆ ಕಾವು ಕೊಟ್ಟರೆ ಚರ್ಮ ಸುಡುತ್ತದೆ, ಎರಡರಲ್ಲಿ ಒಂದೇ ಸಾಕು. ಸಕ್ಕರೆ ಕಾಯಿಲೆಯಿಂದ ಚರ್ಮ ಜೋಮು ಹಿಡಿದವರಿಗೆ ಸುಟ್ಟದ್ದು ತಿಳಿಯುವುದೇ ಇಲ್ಲ. ಅವರಿಗೆ ಬಿಸಿ ನೋಡಿ ಮನೆಯವರೇ ಕೊಡಲಿ.

3. ಕಾವಿನ ಬೆನ್ನಿಗೇ, ಸ್ನಾಯು ಮೆದುವಾಗಿರುವಾಗ ಕುರ್ಚಿಯಲ್ಲಿ ಬೆನ್ನು ನೇರ ಮಾಡಿ ಕೂತು ತಲೆ ಹೊರಳಿಸಿ. ನೋವಿಲ್ಲದ ಬದಿಗೆ ಮೊದಲು, ಆಮೇಲೆ ನೋವಿನ ಬದಿಗೆ. ಬಿಗಿ ಹತ್ತಿದಲ್ಲಿ ನಿಲ್ಲಿಸಿ, ಮೂರು ಎಣಿಸಿ, ವಾಪಸ್ ಬನ್ನಿ. ಪ್ರತಿ ಬದಿಗೆ 5 ಸಲ, ಎಚ್ಚರ ಇರುವಷ್ಟು ಹೊತ್ತು ಎರಡು ತಾಸಿಗೊಮ್ಮೆ. ಒಮ್ಮೆಗೇ ಐವತ್ತು ಸಲ ಮಾಡಿ ಮುಗಿಸಿದರೆ ಸ್ನಾಯು ಮತ್ತೆ ಸೆಟೆಯುತ್ತದೆ. ತಲೆಯನ್ನು ಚಕ್ರದಂತೆ ಗರಗರ ತಿರುಗಿಸುವುದೂ ಬೇಡ.

4. ನೋವು ತಡೆಯದಿದ್ದರೆ ದೊಡ್ಡವರಿಗೆ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಒಂದು ಗುಳಿಗೆ, 6 ತಾಸಿನ ಅಂತರದಲ್ಲಿ. ಔಷಧಿ ಅಂಗಡಿಯ ಹಲವು ನೋವಿನ ಗುಳಿಗೆಗಳಲ್ಲಿ ಪ್ಯಾರಾಸಿಟಮಾಲ್ ಮೊದಲೇ ಸೇರಿರುತ್ತದೆ. ಎರಡೂ ನುಂಗಿದರೆ ಪ್ರಮಾಣ ಇಮ್ಮಡಿಯಾಗುತ್ತದೆ. ಯಕೃತ್ತು, ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಯಾವ ನೋವಿನ ಗುಳಿಗೆಯನ್ನೂ ತೆಗೆದುಕೊಳ್ಳಬಾರದು.

ತಲೆ ಪೂರ್ತಿ ತಿರುಗುವ ತನಕ ಬೈಕ್ ಹತ್ತಬೇಡಿ. ಹಿಂದೆ ಬರುವ ಕಬ್ಬಿನ ಟ್ರ್ಯಾಕ್ಟರ್ ಕಾಣುವುದು ತಲೆ ತಿರುಗಿದರೆ ಮಾತ್ರ.

ಲಟಕ್ ಯಾಕೆ ಬೇಡ

ಕ್ಷೌರ ಮುಗಿದ ಮೇಲೆ ಗದ್ದ, ನೆತ್ತಿ ಹಿಡಿದು ಗೋಣು ಮುರಿಸಿಕೊಳ್ಳುವ ರೂಢಿ ಇದೆ. ಆ ಸದ್ದು ಕೇಳಿದರೆ ಸಮಾಧಾನ ಅನ್ನಿಸುತ್ತದೆ ನಿಜ. ಆದರೆ ಕುತ್ತಿಗೆ ಮಣಿಗಳ ಪಕ್ಕದ ತೂತುಗಳ ಮೂಲಕ ಎರಡು ರಕ್ತನಾಳಗಳು ಹಿಮ್ಮಿದುಳಿಗೆ ಹೋಗುತ್ತವೆ. ಜಟ್ಟನೆ ತಿರುಚಿದಾಗ ನಾಳದ ಒಳಪದರ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ ಲಕ್ವಾ ಹೊಡೆಯಬಹುದು. ಇದು ಅಪರೂಪ, ಆದರೂ ತಾನಾಗಿ ಹೋಗುವ ನೋವಿಗೆ ಅಷ್ಟು ಅಪಾಯ ಮೈಮೇಲೆ ಎಳೆದುಕೊಳ್ಳಬಾರದು. ಮನೆಯಲ್ಲಿ ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಿಸಿಕೊಳ್ಳಲು ಅಡ್ಡಿಯಿಲ್ಲ. ಕುತ್ತಿಗೆ ಪಟ್ಟಿ ಕೊಂಡು ದಿನವಿಡೀ ಕಟ್ಟಿಕೊಂಡರೆ ಸ್ನಾಯು ಇನ್ನೂ ಸೊರಗುತ್ತದೆ.

ಮೂರನೇ ದಿನದಿಂದ

ನೋವು ಅರ್ಧ ಇಳಿದಿದ್ದರೆ ಎಳೆತ ಶುರು ಮಾಡಿ. ಬಲಕ್ಕೆ ನೋವಿದ್ದರೆ ಮುಖವನ್ನು ಎಡಕ್ಕೆ ಅರ್ಧದಷ್ಟು ತಿರುಗಿಸಿ, ಎಡ ಕಂಕುಳ ನೋಡುವಂತೆ ಬಗ್ಗಿಸಿ. ಬಲಗೈಯಿಂದ ಕುರ್ಚಿಯ ಅಂಚು ಹಿಡಿದರೆ ಹೆಗಲು ಮೇಲೇಳದು. ಎಡಗೈ ತಲೆಯ ಹಿಂದೆ ಸುಮ್ಮನೆ ಇರಲಿ, ಜಗ್ಗಬೇಡಿ. 20 ಸೆಕೆಂಡ್, ಮೂರು ಸಲ.

ದಿಂಬಿನ ಲೆಕ್ಕ ಸರಳ. ಮಗ್ಗುಲಾಗಿ ಮಲಗಿದಾಗ ಕಿವಿಗೂ ಹಾಸಿಗೆಗೂ ನಡುವಿನ ಸಂದು ತುಂಬಬೇಕು. ಹೆಚ್ಚಿನವರಿಗೆ ಇದು ಅರ್ಧ ಗೇಣಿನ ಆಸುಪಾಸು. ಕೌದಿ ಮಡಚಿ ಅಳತೆಗೆ ತರಬಹುದು. ಅಂಗಾತ ಮಲಗುವವರಿಗೆ ಅದಕ್ಕಿಂತ ತೆಳುವಾದದ್ದು ಬೇಕು. ಬೋರಲು ಮಲಗಿದರೆ ರಾತ್ರಿಯಿಡೀ ಗೋಣು ತಿರುಚಿಯೇ ಇರುತ್ತದೆ. ವಾರವಾದರೂ ನೋವು ಇಳಿಯದಿದ್ದರೆ, ಕೈಗೆ ಜುಮುಜುಮು ಇಳಿದರೆ ವೈದ್ಯರಿಗೆ ತೋರಿಸಿ.

ಕೆಲಸದ ಜಾಗ

ತಲೆಯ ತೂಕ ಹತ್ತಿರತ್ತಿರ 5 ಕಿಲೊ. ಅಷ್ಟು ಜೋಳದ ಚೀಲವನ್ನು ಎದೆಗವಚಿ ಹಿಡಿದರೆ ಹಗುರ, ಕೈಚಾಚಿ ಹಿಡಿದರೆ ತೋಳು ಸೋಲುತ್ತದೆ. ಬಗ್ಗಿದ ತಲೆಯನ್ನು ಕುತ್ತಿಗೆ ಹಾಗೆಯೇ ಹೊತ್ತಿರುತ್ತದೆ. ಇಳಕಲ್ಲಿನ ಮಗ್ಗದಲ್ಲಿ ಕೂತವರು ಅರ್ಧ ತಾಸಿಗೊಮ್ಮೆ ಲಾಳಿ ಬಿಟ್ಟು ಗದ್ದವನ್ನು ಹಿಂದಕ್ಕೆಳೆದು 5 ಸೆಕೆಂಡ್ ಹಿಡಿಯಲಿ. ತಿಕೋಟಾ ಕಡೆ ದ್ರಾಕ್ಷಿ ಚಾಟ್ನಿ, ಅಂದರೆ ಬಳ್ಳಿಯ ಕೊಂಬೆ ಸವರುವ ಕೆಲಸ ಮಾಡುವವರ ಸಂಕಟ ಉಲ್ಟಾ, ದಿನವಿಡೀ ಕತ್ತು ಮೇಲೆತ್ತಿರಬೇಕು. ಗಟ್ಟಿ ನೆಲದಲ್ಲಿ ಅಲುಗದ ಮಣೆ ಹಾಕಿ ನಿಂತರೆ ಕೊಂಬೆ ಕಣ್ಣಿನ ಮಟ್ಟಕ್ಕೆ ಹತ್ತಿರವಾಗುತ್ತದೆ. ಕಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ನೆಲಕ್ಕೆ ಕೂತು ನೂರಾರು ರೊಟ್ಟಿ ಬಡಿಯುತ್ತಾರೆ, ಕಣ್ಣು ರೊಟ್ಟಿ ಬಡಿಯುವ ಕೊಣಮಿಗೆಯಲ್ಲೇ ನೆಟ್ಟಿರುತ್ತದೆ. ಹಂಚು, ರೊಟ್ಟಿ ಬಡಿಯುವ ಜಾಗ ಎರಡನ್ನೂ ಸೊಂಟದ ಎತ್ತರದ ಕಟ್ಟೆಗೆ ಏರಿಸಿ ನಿಂತು ಬಡಿದರೆ ಕುತ್ತಿಗೆಯ ಬಾಗು ಕಡಿಮೆಯಾಗುತ್ತದೆ. ಆ ಕಟ್ಟೆ ಕಟ್ಟಿಸುವ ಖರ್ಚನ್ನು ಮನೆಯವರು ದಂಡವೆಂದು ಎಣಿಸಬಾರದು.