135ರ ವೇಗದಲ್ಲೇ 15 ವರ್ಷ ಆಡುವುದು ಹೇಗೆ?

ಕ್ರಿಕೆಟ್‌ನಲ್ಲಿ ವೇಗದ ಬೌಲರ್ ಆದ ನಿಮ್ಮ ಚೆಂಡು ಗಂಟೆಗೆ 130ರಿಂದ 140 ಕಿಲೋಮೀಟರ್ ಒಳಗೇ ಇದೆಯಾ? ಹಾಗಾದರೆ ಸ್ಪೀಡ್ ಗನ್ ನೋಡಿ ಬೇಜಾರು ಮಾಡಿಕೊಳ್ಳುವುದನ್ನು ಮೊದಲು ಬಿಡಿ. 150 ಹಾಕುವವರಿಗೆ ಬೀಳುವ ಚಪ್ಪಾಳೆ ನಮಗೆ ಬೀಳಲ್ಲ, ನಿಜ. ಆದರೆ ಟೆಸ್ಟ್‌ನಲ್ಲಿ ಅತಿ ಹೆಚ್ಚು ವಿಕೆಟ್ ತೆಗೆದ ವೇಗಿಗಳ ಪಟ್ಟಿ ತೆಗೆದು ನೋಡಿ. ಜೇಮ್ಸ್ ಆಂಡರ್ಸನ್ 704, ಸ್ಟುವರ್ಟ್ ಬ್ರಾಡ್ 604, ಗ್ಲೆನ್ ಮೆಗ್ರಾ 563. ಮೂವರೂ ವೃತ್ತಿಯ ಬಹುಪಾಲು ಇದೇ ವೇಗದಲ್ಲಿ ಹಾಕಿದವರು. ಆಂಡರ್ಸನ್ 2003ರ ಮೇನಲ್ಲಿ ಲಾರ್ಡ್ಸ್‌ನಲ್ಲಿ ಶುರು ಮಾಡಿ, 2024ರ ಜುಲೈನಲ್ಲಿ ಅದೇ ಲಾರ್ಡ್ಸ್‌ನಲ್ಲಿ ಮುಗಿಸಿದರು. 188 ಟೆಸ್ಟ್!

ಅಷ್ಟು ದಿನ ಉಳಿಯೋಕೆ ಎರಡೇ ಬೇಕು. ಚೆಂಡಿನ ಹೊಲಿಗೆ (ಸೀಮ್) ನೆಟ್ಟಗಿರಬೇಕು, ಬೆನ್ನು ಗಟ್ಟಿಯಿರಬೇಕು. ಮಿಕ್ಕಿದ್ದೆಲ್ಲ ಇವೆರಡರ ಮೇಲೆ ನಿಲ್ಲುತ್ತದೆ.

ಹೊಲಿಗೆಯಿಂದ ಶುರು ಮಾಡಿ. ಇದಕ್ಕೆ ಮೈದಾನವೂ ಬೇಡ. ನೆಲದ ಮೇಲೆ ಅಂಗಾತ ಮಲಗಿ. ತೋರುಬೆರಳು, ನಡುಬೆರಳು ಸೀಮ್‌ನ ಎರಡು ಪಕ್ಕಕ್ಕೆ ಇರಲಿ, ಹೆಬ್ಬೆರಳಿನ ಅಂಚು ಕೆಳಗೆ ಸೀಮ್ ಮೇಲೆ. ಚೆಂಡಿಗೂ ಅಂಗೈಗೂ ಮಧ್ಯೆ ಬೆಳಕು ಕಾಣುವಷ್ಟು ಸಂದು ಬಿಡಿ. ಈಗ ಮಣಿಕಟ್ಟಿನಿಂದ ಮಾತ್ರ ಚೆಂಡನ್ನು ಎರಡು ಮೂರು ಅಡಿ ಮೇಲಕ್ಕೆ ಚಿಮ್ಮಿಸಿ, ಕೊನೆಗೆ ಬೆರಳ ತುದಿ ಅದನ್ನು ಹಿಂದಕ್ಕೆ ತಿರುಗಿಸಲಿ. ಹೊಲಿಗೆ ಒಂದೇ ಗೆರೆಯಾಗಿ ಕಂಡರೆ ಸರಿ. ಓಲಾಡಿದರೆ ಒಂದು ಬೆರಳು ಜಾಸ್ತಿ ಒತ್ತುತ್ತಿದೆ, ಇಲ್ಲವೇ ಮಣಿಕಟ್ಟು ಒಂದು ಕಡೆ ವಾಲಿದೆ ಅಂತ ಅರ್ಥ. ಯಾವ ಬೆರಳು ಅಂತ ನಿಮಗೇ ಗೊತ್ತಾಗುತ್ತದೆ, ಯಾಕೆಂದರೆ ಚೆಂಡು ಕೊನೆಗೆ ಬಿಟ್ಟಿದ್ದು ಆ ಬೆರಳನ್ನೇ. ದಿನಾ 100 ಸಲ ಮಾಡಿ. ನಾನು ಇದನ್ನು ಸುಮ್ನೆ ಟೈಂಪಾಸ್ ಅಂದುಕೊಂಡಿದ್ದೆ. ನೆಟ್ಸ್‌ನಲ್ಲಿ ಎರಡು ವರ್ಷ ಬರದಿದ್ದ ಔಟ್‌ಸ್ವಿಂಗ್, ಅಂದರೆ ಗಾಳಿಯಲ್ಲೇ ಬ್ಯಾಟರ್‌ನಿಂದ ಆಚೆಗೆ ತಿರುಗುವ ಎಸೆತ, ಒಂದೂವರೆ ತಿಂಗಳಲ್ಲಿ ಬಂತು.

ಬಲಗೈ ಬ್ಯಾಟರ್‌ಗೆ ಔಟ್‌ಸ್ವಿಂಗ್ ಬೇಕಾದರೆ ಸೀಮ್ ಮೊದಲ ಸ್ಲಿಪ್ ಕಡೆ ಸ್ವಲ್ಪ ತಿರುಗಿರಲಿ, ಹೊಳೆಯುವ ಮೈ ಲೆಗ್ ಕಡೆ ಇರಲಿ. ಇನ್‌ಸ್ವಿಂಗ್‌ಗೆ ಎರಡೂ ಉಲ್ಟಾ. ಇಲ್ಲೇ ನಮ್ಮ ವೇಗದ ಲಾಭ ಇರುವುದು. ತುಂಬಾ ಜೋರಾಗಿ ಹಾಕಿದಾಗ ಹೊಸ ಚೆಂಡಿನ ಮಾಮೂಲಿ ಸ್ವಿಂಗ್ ಕಡಿಮೆಯಾಗುತ್ತದೆ, ಸ್ವಲ್ಪ ನಿಧಾನವಾದರೆ ಗಾಳಿಗೆ ತನ್ನ ಕೆಲಸ ಮಾಡಲು ಸಮಯ ಸಿಗುತ್ತದೆ. ಚೆಂಡು ಉಜ್ಜಲು ಬೆವರು ಮಾತ್ರ ಬಳಸಿ. ಎಂಜಲನ್ನು 2020ರಲ್ಲಿ ಕೋವಿಡ್‌ಗಾಗಿ ನಿಲ್ಲಿಸಿದರು, 2022ರಲ್ಲಿ ಐಸಿಸಿ ಅದನ್ನು ಕಾಯಂ ಮಾಡಿತು.

ಚೆಂಡು ಹಳತಾಗಿ ಸ್ವಿಂಗ್ ನಿಂತ ಮೇಲೆ ಏನು? ಟೆಸ್ಟ್‌ನಲ್ಲಿ ಹೊಸ ಚೆಂಡು ಸಿಗುವುದು 80 ಓವರ್ ಆದ ಮೇಲೆ. ಅಲ್ಲಿಯವರೆಗೆ ಕೈ ಕಟ್ಟಿ ಕೂರೋಕಾಗಲ್ಲ ಅಲ್ವಾ? ಅದಕ್ಕೇ ಎರಡನೇ ಅಸ್ತ್ರ ಬೇಕು. ಆಂಡರ್ಸನ್ 2010ರಲ್ಲಿ ಪಾಕಿಸ್ತಾನದ ಮೊಹಮ್ಮದ್ ಆಸಿಫ್ ಹಾಕುವುದನ್ನು ನೋಡಿ ವಾಬಲ್ ಸೀಮ್ ಕಲಿತರು. ಬೆರಳು ಸ್ವಲ್ಪ ಅಗಲ ಮಾಡಿ ಹಿಡಿಯಿರಿ, ಸೀಮ್ ಬೇಕಂತಲೇ ಓಲಾಡಲಿ. ಪಿಚ್ ಬಿದ್ದ ಮೇಲೆ ಯಾವ ಕಡೆ ಹೋಗುತ್ತದೋ ಬ್ಯಾಟರ್‌ಗೆ ಗೊತ್ತಾಗಲ್ಲ, ಬೌಲರ್‌ಗೂ ಗೊತ್ತಾಗಲ್ಲ. ಆದರೆ ಮೊದಲು ನೆಟ್ಟಗೆ ಬಿಡುವುದು ಬರಬೇಕು, ಆಮೇಲೆ ಓಲಾಡಿಸುವುದು. ನಮ್ಮ ವೆಂಕಟೇಶ್ ಪ್ರಸಾದ್ ಅವರ ಲೆಗ್ ಕಟರ್ (ಪಿಚ್ ಬಿದ್ದು ಬಲಗೈ ಬ್ಯಾಟರ್‌ನಿಂದ ಆಚೆಗೆ ಹೋಗುವ ಎಸೆತ) ನೋಡಿ ಬೆಳೆದವರಿಗೆ ಇನ್ನೊಂದು ದಾರಿ ಗೊತ್ತೇ ಇದೆ. ಬಿಡುವ ಗಳಿಗೆಯಲ್ಲಿ ಬೆರಳು ಚೆಂಡಿನ ಮೈಯನ್ನು ಕೊಯ್ದ ಹಾಗೆ ಕೆಳಕ್ಕೆ ಎಳೆಯಬೇಕು, ಕೈ ಬೀಸುವ ವೇಗ ಮಾತ್ರ ಒಂಚೂರೂ ತಗ್ಗಬಾರದು. ತಗ್ಗಿತೋ, ಬ್ಯಾಟರ್ ಕೈಯಲ್ಲೇ ಓದಿಬಿಡುತ್ತಾನೆ.

ದೇಶ ಬದಲಾದರೆ ಚೆಂಡೂ ಬದಲು. ಇಂಗ್ಲೆಂಡ್‌ನಲ್ಲಿ ಡ್ಯೂಕ್ಸ್, ಸೀಮ್ ಬಹಳ ಹೊತ್ತು ಎದ್ದು ನಿಂತಿರುತ್ತದೆ. ಭಾರತದಲ್ಲಿ ಎಸ್‌ಜಿ. ಆಸ್ಟ್ರೇಲಿಯಾದಲ್ಲಿ ಕೂಕಬುರಾ, ಅದರ ಸೀಮ್ ಬೇಗ ಮಲಗುತ್ತದೆ. ಪ್ರವಾಸಕ್ಕೆ ಒಂದು ತಿಂಗಳ ಮುಂಚೆಯೇ ಆ ಚೆಂಡು ಕೈಗೆ ಬರಲಿ.

ಲೆಂಗ್ತ್, ಅಂದರೆ ಚೆಂಡು ಎಲ್ಲಿ ಪಿಚ್ ಬೀಳಬೇಕು ಅನ್ನುವ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಟಂಪ್‌ನಿಂದ 6ರಿಂದ 8 ಮೀಟರ್ ನಡುವೆ, ಆಫ್ ಸ್ಟಂಪ್ ತಲೆಗೆ ಬಡಿಯುವ ಹಾಗೆ. ಅಲ್ಲೊಂದು ಟವೆಲ್ ಹಾಸಿ 24 ಎಸೆತ ಹಾಕಿ, ಎಷ್ಟು ಬಿತ್ತು ಅಂತ ಬರೆದಿಡಿ. ಸುಸ್ತಾದ ಮೇಲೆ ಇನ್ನೊಂದು ಸಲ ಹಾಕಿ. ಎರಡನೇ ಲೆಕ್ಕವೇ ನಿಮ್ಮ ನಿಜವಾದ ಮಟ್ಟ.

ಹೊಡೆಸಿಕೊಂಡ ಮೇಲಿನ ಎಸೆತವನ್ನೂ ಅಭ್ಯಾಸ ಮಾಡಬೇಕು. 1996ರ ಮಾರ್ಚ್ 9, ಚಿನ್ನಸ್ವಾಮಿ, ವಿಶ್ವಕಪ್ ಕ್ವಾರ್ಟರ್ ಫೈನಲ್. ಪಾಕಿಸ್ತಾನದ ಆಮಿರ್ ಸೊಹೇಲ್ ಪ್ರಸಾದ್‌ಗೆ ಫೋರ್ ಹೊಡೆದು, ಬ್ಯಾಟ್ ಎತ್ತಿ ಬೌಂಡರಿ ಕಡೆ ತೋರಿಸಿದರು. ಅಂಥ ಹೊತ್ತಲ್ಲಿ ಎಲ್ಲರಿಗೂ ಬೌನ್ಸರ್ ಹಾಕುವ ಸಿಟ್ಟು ಬರುತ್ತದೆ. ಪ್ರಸಾದ್ ಸ್ಟಂಪ್‌ಗೇ ಹಾಕಿದರು, ಸೊಹೇಲ್ ಮತ್ತೆ ಬೀಸಿದರು, ಆಫ್ ಸ್ಟಂಪ್ ಹಾರಿತು. ನೆಟ್ಸ್‌ನಲ್ಲಿ ಯಾರಾದರೂ ಫೋರ್ ಹೊಡೆದರೆ ರನ್ ಅಪ್ ಗುರುತಿಗೆ ನಿಧಾನವಾಗಿ ನಡೆದು ಹೋಗಿ. ಅಲ್ಲಿ ತಲುಪುವಷ್ಟರಲ್ಲಿ ಮುಂದಿನ ಎಸೆತ ಯಾವುದು ಅಂತ ಒಂದೇ ನಿರ್ಧಾರ ಮಾಡಿರಬೇಕು.

ಈಗ ಬೆನ್ನು. ಇದನ್ನು ದಯವಿಟ್ಟು ಗಮನ ಇಟ್ಟು ಓದಿ.

ಮುಂಗಾಲು ಊರಿದಾಗ ಮೈ ತೂಕದ ಹಲವು ಪಟ್ಟು ಭಾರ ಆ ಒಂದು ಕಾಲಿನ ಮೂಲಕ ಸೊಂಟಕ್ಕೆ ಏರುತ್ತದೆ. ಆ ಗಳಿಗೆಯಲ್ಲಿ ಸೊಂಟ ಬ್ಯಾಟರ್ ಕಡೆ, ಭುಜ ಪಕ್ಕಕ್ಕೆ ಅಂತ ತಿರುಚಿಕೊಂಡಿದ್ದರೆ ಬೆನ್ನುಮೂಳೆಯ ಕೆಳಭಾಗ ಸೀಳುವ ಅಪಾಯ ಜಾಸ್ತಿ. ಫೋನಿನಲ್ಲಿ ಪಕ್ಕದಿಂದಲೂ ಹಿಂದಿನಿಂದಲೂ ವಿಡಿಯೋ ಮಾಡಿಸಿ, ಹಿಂಗಾಲು ಊರುವ ಕಡೆ ನಿಲ್ಲಿಸಿ ನೋಡಿ. ಸೊಂಟ, ಭುಜ ಎರಡೂ ಒಂದೇ ದಿಕ್ಕಿಗಿರಬೇಕು. ಹಾಗಂತ ಚೆನ್ನಾಗಿರುವ ಆ್ಯಕ್ಷನ್ ಅನ್ನು ಯಾರೋ ಹೇಳಿದರು ಅಂತ ಬದಲಾಯಿಸಬೇಡಿ. ಗಾಯ ಆಗದಿರಲಿ ಅಂತಲೇ ಆಂಡರ್ಸನ್ ಆ್ಯಕ್ಷನ್ ತಿದ್ದಿದ್ದರು. 2006ರಲ್ಲಿ ಅವರ ಬೆನ್ನಿನ ಮೂಳೆ ಬಿರುಕು ಬಿಟ್ಟಿತು, ಆಮೇಲೆ ಹಳೆಯ ಆ್ಯಕ್ಷನ್‌ಗೇ ವಾಪಸ್ ಬಂದರು.

ಇಪ್ಪತ್ತು ದಾಟುವವರೆಗೂ ಮೂಳೆ ಪೂರ್ತಿ ಬಲಿತಿರುವುದಿಲ್ಲ. ಬೌಲ್ ಮಾಡುವ ಕೈಯ ವಿರುದ್ಧ ಬದಿಗೆ, ಸೊಂಟದ ಹತ್ತಿರ, ಹಿಂದಕ್ಕೆ ಬಾಗಿದಾಗ ಚುಚ್ಚುವ ನೋವು ಬಂದರೆ ಅವತ್ತೇ ನಿಲ್ಲಿಸಿ ಸ್ಕ್ಯಾನ್ ಮಾಡಿಸಿ. ನಾನು 17ರಲ್ಲಿ ಮೂರು ವಾರ ಅದನ್ನು ಯಾರಿಗೂ ಹೇಳದೆ ಆಡಿದೆ, ಎಂಟು ತಿಂಗಳು ಚೆಂಡು ಮುಟ್ಟಲಾಗಲಿಲ್ಲ.

ಒಂದು ಡೈರಿ ಇಡಿ. ಪಂದ್ಯದ್ದಾಗಲಿ ನೆಟ್ಸ್‌ದಾಗಲಿ, ಹಾಕಿದ ಪ್ರತಿ ಎಸೆತವನ್ನೂ ಲೆಕ್ಕ ಬರೆಯಿರಿ. ವಾರಕ್ಕೆ 120 ಎಸೆತ ಹಾಕುತ್ತಿದ್ದವರು ಟೂರ್ನಿ ಬಂತು ಅಂತ ಒಂದೇ ಸಲ 250ಕ್ಕೆ ಹೋಗಬೇಡಿ. ಪೂರ್ತಿ ವಿಶ್ರಾಂತಿ ಮಾಡಿ ದಿಢೀರನೆ ಶುರು ಮಾಡುವುದೂ ಅಷ್ಟೇ ಕೆಟ್ಟದ್ದು. ರಜೆಯಲ್ಲೂ ವಾರಕ್ಕೆರಡು ದಿನ, ಅರ್ಧ ರನ್ ಅಪ್‌ನಲ್ಲಾದರೂ, ನಾಲ್ಕು ಓವರ್ ಹಾಕುತ್ತಿರಿ.